ಚೆಂಡಿಗಿಂತ ಮುಂದೆ ಓಡುವ ಕಣ್ಣು

ಕಳೆದ ಭಾನುವಾರ ಬೆಳಗ್ಗೆ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಗೇಟು ಧಡಾರನೆ ತೆರೆಯಿತು. ಆರನೇ ತರಗತಿಯಲ್ಲಿರುವ ನಮ್ಮ ಪುಟ್ಟಿ ಒಳಗೆ ಬಂದವಳೇ ಬ್ಯಾಟನ್ನು ನೆಲಕ್ಕೆ ಹಾಕಿ ಹೊರಟಳು. ಹುಟ್ಟುಹಬ್ಬಕ್ಕೆ ಕೊಡಿಸಿದ ಬ್ಯಾಟು ಅದು. ದಿನಾ ಒರೆಸಿ ಬೀರುವಿನ ಪಕ್ಕ ನಿಲ್ಲಿಸುತ್ತಿದ್ದ ಹುಡುಗಿ.

“ಏನಾಯ್ತೇ ಪುಟ್ಟಿ?”

“ನಾನಿನ್ನು ಆಡಲ್ಲ ತಾತ. ಇವತ್ತು ಮೂರು ಸಲ ಬೌಲ್ಡ್ ಆದೆ. ಸರ್ ‘ಚೆಂಡು ನೋಡು, ಚೆಂಡು ನೋಡು’ ಅಂತ ಕೂಗ್ತಾನೇ ಇದ್ರು. ನಾನು ನೋಡ್ತಾನೇ ಇದ್ದೆ. ನೋಡ್ತಾ ನೋಡ್ತಾನೇ ಸ್ಟಂಪ್ ಬಿದ್ದೋಯ್ತು!”

ನನಗೆ ನಗು ಬಂತು. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ. ಈ ಅಂಕಣ ಓದುವವರಿಗೆಲ್ಲ ಗೊತ್ತಿರುವ ಹಾಗೆ ನಾನು 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ‘ಚೆಂಡಿನಿಂದ ಕಣ್ಣು ತೆಗೀಬೇಡ’ ಎಂಬ ಮಾತನ್ನು ಅಷ್ಟು ವರ್ಷದಲ್ಲಿ ಎಷ್ಟು ಸಾವಿರ ಸಲ ಹೇಳಿದ್ದೇನೋ, ಲೆಕ್ಕವಿಲ್ಲ. ಆ ಮಾತು ಅರ್ಧ ಸರಿ, ಅರ್ಧ ತಪ್ಪು ಎಂದು ಗೊತ್ತಾದದ್ದು ನಿವೃತ್ತನಾದ ಮೇಲೆ, ಪುಸ್ತಕ ಓದಲು ಪುರುಸೊತ್ತು ಸಿಕ್ಕಾಗ. ಹಾಗಾಗಿ ಈ ವಾರ ಒಂದು ಪಾಠ, ಜೊತೆಗೆ ಒಂದು ತಪ್ಪೊಪ್ಪಿಗೆ.

ಮಕ್ಕಳೇ, ಮೊದಲು ಒಂದು ಆಟ. ಮನೆಯಲ್ಲಿರುವ 30 ಸೆಂಟಿಮೀಟರಿನ ಸ್ಕೇಲು ತನ್ನಿ. ತಾತನೋ ಅಜ್ಜಿಯೋ ಸ್ಕೇಲಿನ ಮೇಲ್ತುದಿ ಹಿಡಿದು ಕೆಳಗೆ ಇಳಿಬಿಡಲಿ. ಕೆಳತುದಿಯ ಸೊನ್ನೆಯ ಹತ್ತಿರ ನಿಮ್ಮ ಹೆಬ್ಬೆರಳು, ತೋರುಬೆರಳು ಇಕ್ಕುಳದ ಹಾಗೆ ತೆರೆದಿರಲಿ, ಸ್ಕೇಲಿಗೆ ತಾಗಬಾರದು. ಅವರು ಹೇಳದೆ ಕೇಳದೆ ಸ್ಕೇಲು ಬಿಡಬೇಕು, ಕಂಡ ಕೂಡಲೇ ನೀವು ಹಿಡಿಯಬೇಕು. ಬೆರಳು ಎಷ್ಟನೇ ಸೆಂಟಿಮೀಟರಿನ ಮೇಲೆ ಬಂತು ನೋಡಿ. 15 ಬಂದರೆ ನೀವು ತೆಗೆದುಕೊಂಡ ಹೊತ್ತು ಸುಮಾರು 0.17 ಸೆಕೆಂಡು. 20 ಬಂದರೆ 0.20 ಸೆಕೆಂಡು. 25 ಬಂದರೆ 0.23 ಸೆಕೆಂಡು. ಬಿಟ್ಟ ವಸ್ತು ಎಷ್ಟು ಹೊತ್ತಿಗೆ ಎಷ್ಟು ದೂರ ಬೀಳುತ್ತದೆ ಎಂಬ ಲೆಕ್ಕದಿಂದ ಬಂದ ಅಂಕಿಗಳು ಇವು.

ಪುಟ್ಟಿಗೆ 19 ಬಂತು. ಅವಳ ಅಜ್ಜಿಗೆ 24. ನನಗೆ ಎಷ್ಟು ಬಂತು ಎನ್ನುವುದು ಬೇಡ ಬಿಡಿ, ಸ್ಕೇಲು ಕಾಲ ಮೇಲೆ ಬಿತ್ತು.

ಕಣ್ಣು ಕಂಡದ್ದು ಮಿದುಳಿಗೆ ಹೋಗಬೇಕು. ಮಿದುಳು ‘ಹಿಡಿ’ ಅನ್ನಬೇಕು. ಆ ಮಾತು ಕೈಗೆ ತಲುಪಬೇಕು. ಇಷ್ಟಕ್ಕೆ ಸುಮಾರು 0.2 ಸೆಕೆಂಡು, ಅಂದರೆ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಕಣ್ಣು ಮಿಟುಕಿಸುವಷ್ಟು ಹೊತ್ತು ಎಂದು ನೀವು ಅನ್ನಬಹುದು. ಕ್ರಿಕೆಟ್ಟಿನಲ್ಲಿ ಅದು ಬಹಳ ದೀರ್ಘ ಕಾಲ.

ಪಿಚ್ಚಿನ ಉದ್ದ 22 ಗಜ, ಅಂದರೆ 20 ಮೀಟರಿಗೆ ಸ್ವಲ್ಪ ಹೆಚ್ಚು. ಬೌಲರ್ ಮುಂದೆ ಬಂದು ಚೆಂಡು ಬಿಡುತ್ತಾನೆ, ಬ್ಯಾಟ್ಸ್‌ಮನ್ ಸ್ಟಂಪಿಗಿಂತ ಮುಂದೆ ನಿಂತಿರುತ್ತಾನೆ. ಹಾಗಾಗಿ ಚೆಂಡು ಸಾಗುವ ದೂರ 18 ಮೀಟರಿನ ಆಸುಪಾಸು. ವೇಗದ ಬೌಲರ್ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಎಸೆದರೆ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. ಬ್ಯಾಟ್ಸ್‌ಮನ್‌ಗೆ ಸಿಗುವುದು ಹೆಚ್ಚುಕಡಿಮೆ ಅರ್ಧ ಸೆಕೆಂಡು. ಅದರಲ್ಲಿ ಕೊನೆಯ 0.2 ಸೆಕೆಂಡಿನಲ್ಲಿ ಏನು ಕಂಡರೂ ಕೈಗೆ ಸುದ್ದಿ ಮುಟ್ಟುವಷ್ಟರಲ್ಲಿ ಆಟ ಮುಗಿದಿರುತ್ತದೆ. ಪುಟಿದ ಮೇಲೆ ಚೆಂಡಿನ ವೇಗ ತುಸು ತಗ್ಗುತ್ತದೆ, ನಿಜ. ಆದರೂ ಕೊನೆಯ ಆರೇಳು ಮೀಟರಿನಲ್ಲಿ ಚೆಂಡು ಏನು ಮಾಡಿದರೂ ಅದನ್ನು ನೋಡಿ ಬ್ಯಾಟು ತಿದ್ದಿಕೊಳ್ಳಲು ಆಗುವುದಿಲ್ಲ.

“ಹಾಗಾದ್ರೆ ದೊಡ್ಡ ಆಟಗಾರರ ಕಣ್ಣು ನಮಗಿಂತ ಸ್ಪೀಡಾ ತಾತ?” ಎಂದಳು ಪುಟ್ಟಿ. ನಾನೂ ಹಾಗೇ ತಿಳಿದಿದ್ದೆ. ಪೀಟರ್ ಮ್ಯಾಕ್ಲಿಯೋಡ್ ಎಂಬ ಇಂಗ್ಲೆಂಡಿನ ಮನೋವಿಜ್ಞಾನಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಪಿಚ್ಚಿನ ಮೇಲೆ ಹಾಸಿದ ಮ್ಯಾಟಿನ ಕೆಳಗೆ ಸಣ್ಣ ಮರದ ಪಟ್ಟಿಗಳನ್ನು ಬಚ್ಚಿಟ್ಟರು. ಚೆಂಡು ಪಟ್ಟಿಯ ಮೇಲೆ ಬಿದ್ದರೆ ಎಡಕ್ಕೋ ಬಲಕ್ಕೋ ತಿರುಗುತ್ತದೆ, ಯಾವ ಕಡೆಗೆ ಎಂದು ಯಾರಿಗೂ ಮೊದಲೇ ತಿಳಿಯದು. ಅಂತಾರಾಷ್ಟ್ರೀಯ ಪಂದ್ಯ ಆಡಿದ ಬ್ಯಾಟ್ಸ್‌ಮನ್‌ಗಳನ್ನೇ ನಿಲ್ಲಿಸಿ ಚಿತ್ರೀಕರಿಸಿದರು. 1987ರಲ್ಲಿ ಪ್ರಕಟವಾದ ಫಲಿತಾಂಶ ಇದು: ಚೆಂಡು ತಿರುಗಿದ ಮೇಲೆ ಅವರ ಬ್ಯಾಟು ದಿಕ್ಕು ಬದಲಿಸಲೂ ಸುಮಾರು 0.2 ಸೆಕೆಂಡು ಬೇಕಾಯಿತು. ಅಂದರೆ ಸ್ಕೇಲು ಹಿಡಿದ ನಮ್ಮ ಪುಟ್ಟಿಯಷ್ಟೇ!

ಹಾಗಾದರೆ ದೊಡ್ಡ ಆಟಗಾರರ ಗುಟ್ಟೇನು? ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ ನೋಡಿದ ನನ್ನ ವಯಸ್ಸಿನವರಿಗೆ ನೆನಪಿರಬಹುದು. ಆ ಹೊಡೆತ ನೋಡುವಾಗ ಎಲ್ಲರಿಗಿಂತ ಅವರಿಗೆ ಹೆಚ್ಚು ಸಮಯ ಇದ್ದ ಹಾಗೆ ಕಾಣುತ್ತಿತ್ತು. ಗಡಿಯಾರ ಎಲ್ಲರಿಗೂ ಒಂದೇ. ವ್ಯತ್ಯಾಸ ಇರುವುದು ಕಣ್ಣನ್ನು ಯಾವಾಗ, ಎಲ್ಲಿ ಇಡುತ್ತಾರೆ ಎನ್ನುವುದರಲ್ಲಿ.

ಇದನ್ನು ಕಂಡುಹಿಡಿಯಲು ಮೈಕೆಲ್ ಲ್ಯಾಂಡ್ ಎಂಬ ಕಣ್ಣಿನ ವಿಜ್ಞಾನಿ ಇದೇ ಮ್ಯಾಕ್ಲಿಯೋಡ್ ಜೊತೆ ಸೇರಿದರು. ಮೂವರು ಬ್ಯಾಟ್ಸ್‌ಮನ್‌ಗಳ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ, ಯಂತ್ರದಿಂದ ಚೆಂಡು ಎಸೆದು, ಅವರ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಎಂದು ದಾಖಲಿಸಿದರು. ಒಬ್ಬ ನುರಿತ ವೃತ್ತಿಪರ, ಒಬ್ಬ ಒಳ್ಳೆಯ ಹವ್ಯಾಸಿ, ಇನ್ನೊಬ್ಬ ಸಾಧಾರಣ ಆಟಗಾರ. 2000ನೇ ಇಸವಿಯಲ್ಲಿ ಅವರು ಬರೆದದ್ದು ಓದಿ ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಯಾರೂ ಚೆಂಡನ್ನು ಕೊನೆಯವರೆಗೆ ನೋಡುತ್ತಿರಲಿಲ್ಲ! ಚೆಂಡು ಯಂತ್ರದಿಂದ ಹೊರಬೀಳುವುದನ್ನು ನೋಡುತ್ತಿದ್ದರು. ಕೂಡಲೇ ಕಣ್ಣು ಚೆಂಡನ್ನು ಬಿಟ್ಟು ಮುಂದಕ್ಕೆ ಜಿಗಿದು, ಚೆಂಡು ನೆಲಕ್ಕೆ ಬೀಳಲಿರುವ ಜಾಗಕ್ಕೆ ಹೋಗಿ ಕಾಯುತ್ತಿತ್ತು. ಚೆಂಡು ಅಲ್ಲಿ ಬಂದು ಪುಟಿದ ಮೇಲೆ ಮತ್ತೆ ಸ್ವಲ್ಪ ಹೊತ್ತು ಅದನ್ನು ಹಿಂಬಾಲಿಸುತ್ತಿತ್ತು. ನುರಿತವನ ಕಣ್ಣು ಬೇಗ ಜಿಗಿಯುತ್ತಿತ್ತು, ಸಾಧಾರಣ ಆಟಗಾರನದು ತಡವಾಗಿ. ವ್ಯತ್ಯಾಸ ಅಷ್ಟೇ.

ಬಸ್ಸು ಹಿಡಿಯುವುದನ್ನೇ ನೆನೆಸಿಕೊಳ್ಳಿ. ಬಸ್ಸಿನ ಹಿಂದೆ ಓಡುವವನಿಗೆ ಏದುಸಿರು. ಅದು ನಿಲ್ಲುವ ಜಾಗ ಗೊತ್ತಿರುವವನು ಮೊದಲೇ ಹೋಗಿ ನಿಂತಿರುತ್ತಾನೆ. ಜಾಣ ಕಣ್ಣು ಮಾಡುವುದೂ ಇದನ್ನೇ. ಮುಂದೆ, 2013ರಲ್ಲಿ, ಡೇವಿಡ್ ಮ್ಯಾನ್ ಮತ್ತು ಜೊತೆಗಾರರು ಜಗತ್ತಿನ ಅಗ್ರ ಬ್ಯಾಟ್ಸ್‌ಮನ್‌ಗಳನ್ನು ಪರೀಕ್ಷಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಅವರ ತಲೆ ಚೆಂಡಿನ ಜೊತೆಜೊತೆಗೇ ತಿರುಗುತ್ತದೆ, ಕಣ್ಣು ಮಾತ್ರ ಚೆಂಡಿಗಿಂತ ಮುಂದೆ ಜಿಗಿಯುತ್ತದೆ. ಮೊದಲು ಪುಟಿಯುವ ಜಾಗಕ್ಕೆ, ಆಮೇಲೆ ಬ್ಯಾಟು ತಾಗುವ ಜಾಗಕ್ಕೆ.

ಇಲ್ಲಿಗೆ ನನ್ನ ತಪ್ಪೊಪ್ಪಿಗೆ ಬಂತು. ಬಹಳ ವರ್ಷದ ಹಿಂದೆ ನನ್ನ ಶಾಲೆಯಲ್ಲಿ ಒಬ್ಬ ಎಡಗೈ ಹುಡುಗನಿದ್ದ. ನೆಟ್ ಪಕ್ಕದಲ್ಲಿ ನಿಂತು ನೋಡಿದರೆ, ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಅವನ ನೋಟ ನೆಲಕ್ಕೆ ಇಳಿಯುತ್ತಿತ್ತು. ನನಗೆ ಸಿಟ್ಟು. “ಚೆಂಡು ಮೇಲಿದೆ, ನೆಲದಲ್ಲಿ ಏನೋ ಹುಡುಕ್ತೀಯ?” ಎಂದು ಎಲ್ಲರ ಮುಂದೆ ಬೈದು, ಮೈದಾನ ಐದು ಸುತ್ತು ಓಡಿಸಿದೆ. ಒಂದು ದಿನವಲ್ಲ, ಹಲವು ದಿನ. ಅವನು ಪಾಪ, ನಾನು ಹೇಳಿದ ಹಾಗೆ ಚೆಂಡನ್ನೇ ದಿಟ್ಟಿಸಲು ಹೋಗಿ ಇನ್ನೂ ಹೆಚ್ಚು ತಪ್ಪಿದ. ಕೊನೆಗೆ ಆಟಕ್ಕೆ ಬರುವುದನ್ನೇ ಬಿಟ್ಟ. ಅವನ ಕಣ್ಣು ಸರಿಯಾದ ಕೆಲಸವನ್ನೇ ಮಾಡುತ್ತಿತ್ತೇನೋ. ತಡೆದವನು ನಾನು.

ಇನ್ನೊಂದು ಪ್ರಯೋಗ ಮಾಡೋಣ. ಒಂದು ಹಾಳೆಯ ಮೇಲೆ ಒಂದು ಗೇಣು ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಪೆನ್ಸಿಲನ್ನು ಈ ಗೆರೆಯಿಂದ ಆ ಗೆರೆಗೆ, ಅಲ್ಲಿಂದ ಇಲ್ಲಿಗೆ ಆಡಿಸಿ. ಸರಿಯಾಗಿ ಗೆರೆಯ ಮೇಲೇ ನಿಲ್ಲಬೇಕು. ಮೊದಲು ನಿಧಾನವಾಗಿ, ಕಣ್ಣು ತೆರೆದು. ಆಮೇಲೆ ನಿಧಾನವಾಗಿ, ಕಣ್ಣು ಮುಚ್ಚಿ. ಅದೇ ಎರಡನ್ನು ಈಗ ಸರಸರ ವೇಗವಾಗಿ ಮಾಡಿ. ಅಮೆರಿಕದ ರಾಬರ್ಟ್ ವುಡ್‌ವರ್ತ್ 1899ರಲ್ಲಿ ಇಂಥದ್ದೇ ಪ್ರಯೋಗ ಮಾಡಿದರು. ನಿಧಾನವಾಗಿ ಆಡಿಸುವಾಗ ಕಣ್ಣು ತೆರೆದವರದೇ ಗೆಲುವು. ಒಂದೊಂದು ಗೆರೆಗೆ ಅರ್ಧ ಸೆಕೆಂಡಿಗಿಂತ ಕಡಿಮೆ ಆದಾಗ ಕಣ್ಣು ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ! ಈ ಮಿತಿ ಕೆಲಸಕ್ಕೆ ತಕ್ಕ ಹಾಗೆ ಹೆಚ್ಚುಕಡಿಮೆ ಆಗುತ್ತದೆ ಎಂದು ನಂತರದವರು ತೋರಿಸಿದ್ದಾರೆ. ಮೂಲ ಸಂಗತಿ ಮಾತ್ರ ಹಾಗೇ ಉಳಿದಿದೆ.

ಅಜ್ಜಿ ಸೂಜಿಗೆ ದಾರ ಪೋಣಿಸುವುದು ನಿಧಾನದ ಕೆಲಸ. ದಾರ ಆಚೀಚೆ ಹೋದರೆ ಕಣ್ಣು ನೋಡಿ ಕೈಯನ್ನು ಅಲ್ಲೇ ತಿದ್ದುತ್ತದೆ. ಚಿನ್ನಿ-ದಾಂಡು, ಲಗೋರಿ, ಕ್ರಿಕೆಟ್ ವೇಗದ ಕೆಲಸ. ದಾಂಡು ಬೀಸಿದ ಮೇಲೆ ಅದು ಬಿಟ್ಟ ಬಾಣ, ನಡುದಾರಿಯಲ್ಲಿ ತಿದ್ದಲಾಗದು. ಹಾಗಾಗಿ ಹೊಸದಾಗಿ ಕಲಿಯುವವರಿಗೆ ನಿಧಾನದ ಚೆಂಡು ಹಾಕಬೇಕು, ನೋಡಿ ತಿದ್ದಿಕೊಳ್ಳಲು ಅವರಿಗೆ ಹೊತ್ತು ಸಿಗುತ್ತದೆ.

ಬೀಸುವಾಗ ಕಣ್ಣಿಗೆ ಕೆಲಸವಿಲ್ಲ ಎಂದರೆ, ಬೀಸಿದ ಮೇಲೆ? ಆಗ ಅದರ ಎರಡನೇ ದೊಡ್ಡ ಕೆಲಸ ಶುರು. ಹೋದ ಹೊಡೆತ ಎಲ್ಲಿಗೆ ಹೋಯಿತು ಎಂದು ನೋಡಿ, ಮುಂದಿನದನ್ನು ತಿದ್ದುವುದು.

ಇದಕ್ಕೆ ನಾವು ಅಂಗಳದಲ್ಲಿ ಒಂದು ಬಕೆಟ್ ಇಟ್ಟೆವು. ಐದು ಹೆಜ್ಜೆ ಹಿಂದೆ ಪುಟ್ಟಿ. ಕಣ್ಣಿಗೆ ಟವೆಲ್ಲು, ಕೈಯಲ್ಲಿ ಉಂಡೆ ಕಟ್ಟಿದ ಹಳೇ ಕಾಲುಚೀಲ. ಮೊದಲ ಹತ್ತು ಎಸೆತಕ್ಕೆ ಯಾರೂ ಬಾಯಿ ಬಿಡಲಿಲ್ಲ. ಒಂದು ಬಕೆಟ್ಟಿಗೆ ಬಿತ್ತು, ಒಂಬತ್ತು ಹೂಕುಂಡ, ಬಟ್ಟೆ ಹರವುವ ಹಗ್ಗ, ನನ್ನ ತಲೆ ಹೀಗೆ ಎಲ್ಲೆಲ್ಲೋ. ಮುಂದಿನ ಹತ್ತಕ್ಕೆ ಪ್ರತಿ ಎಸೆತದ ನಂತರ ಟವೆಲ್ಲು ಸರಿಸಿ ಎಲ್ಲಿ ಬಿತ್ತೆಂದು ನೋಡಿ ಮತ್ತೆ ಕಟ್ಟಿಕೊಂಡಳು. ನಾಲ್ಕು ಬಿದ್ದವು. ತಪ್ಪಿದವೂ ಬಕೆಟ್ಟಿನ ಸುತ್ತಮುತ್ತಲೇ ಇದ್ದವು. ಎರಡು ಸಲವೂ ಎಸೆಯುವಾಗ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಎಸೆದ ನಂತರ ಕಂಡದ್ದೇ ಅವಳ ಕೈಗೆ ಪಾಠ ಹೇಳಿತು.

ವಿಜ್ಞಾನಿಗಳು ಇದನ್ನು ಇನ್ನೂ ಸೊಗಸಾಗಿ ತೋರಿಸುತ್ತಾರೆ. ಎದುರಿನ ನೋಟವನ್ನು ಒಂದಿಷ್ಟು ಬಲಕ್ಕೆ ಸರಿಸಿ ತೋರಿಸುವ ವಿಶೇಷ ಗಾಜಿನ ಕನ್ನಡಕ ಹಾಕಿ ಗುರಿಗೆ ಎಸೆಯಲು ಹೇಳುತ್ತಾರೆ. ಮೊದಲ ಎಸೆತಗಳು ಬಲಕ್ಕೆ ಹೋಗುತ್ತವೆ. ಬಿದ್ದ ಜಾಗ ನೋಡುತ್ತಾ ನೋಡುತ್ತಾ ಕೆಲವೇ ಎಸೆತಗಳಲ್ಲಿ ಗುರಿ ಸಿಗುತ್ತದೆ. ಈಗ ಕನ್ನಡಕ ತೆಗೆದರೆ ಮಜಾ, ಎಸೆತ ಎಡಕ್ಕೆ ಹೋಗುತ್ತದೆ! ಎಸೆಯುವವನಿಗೆ ತಿಳಿಯದ ಹಾಗೆ ಮಿದುಳು ಹೊಸ ಲೆಕ್ಕ ಬರೆದುಕೊಂಡಿರುತ್ತದೆ. ಮತ್ತೆ ಕೆಲವು ಎಸೆತ ನೋಡಿದ ಮೇಲೆ ಆ ಲೆಕ್ಕ ಅಳಿಸಿ ಹಳೆಯದಕ್ಕೆ ಬರುತ್ತದೆ.

ಓದುತ್ತಿರುವ ತಾತ-ಅಜ್ಜಿಯರೇ, ಇದು ನಮಗೂ ಸೇರಿದ ಮಾತು. ಹೊಸ ಕನ್ನಡಕ ಬಂದಾಗ, ಕಣ್ಣಿನ ಪೊರೆ ತೆಗೆಸಿದ ಮೇಲೆ, ಮೊದಲ ಕೆಲವು ದಿನ ಮೆಟ್ಟಿಲು ಎಲ್ಲೋ ಇರುತ್ತದೆ, ಕಾಲು ಎಲ್ಲೋ ಬೀಳುತ್ತದೆ. ನಾನು ಲೋಟಕ್ಕೆ ಹಾಕಬೇಕಾದ ಕಾಫಿಯನ್ನು ಮೇಜಿಗೆ ಹಾಕಿ ಬೈಸಿಕೊಂಡಿದ್ದೇನೆ. ‘ವಯಸ್ಸಾಯ್ತು’ ಎಂದು ಬೇಸರ ಮಾಡಿಕೊಳ್ಳಬೇಡಿ. ಮಿದುಳು ಹೊಸ ಲೆಕ್ಕ ಬರೆಯುತ್ತಿದೆ, ಅಷ್ಟೇ. ಅಲ್ಲಿಯವರೆಗೆ ಮೆಟ್ಟಿಲ ಕಂಬಿ ಹಿಡಿದು ನಡೆಯಿರಿ. ಓದುವುದಕ್ಕೂ ದೂರಕ್ಕೂ ಸೇರಿಸಿ ಮಾಡಿದ ಕನ್ನಡಕವಾದರೆ ಕೆಳಭಾಗ ಇರುವುದು ಓದುವುದಕ್ಕೆ. ಅದರಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಇಳಿಯುವಾಗ ತಲೆ ಬಗ್ಗಿಸಿ ಮೇಲಿನ ಭಾಗದಿಂದ ನೋಡಿ. ಹಾಗೆಯೇ, ಮನೆಯ ಮಗು ಎಷ್ಟು ಅಭ್ಯಾಸ ಮಾಡಿದರೂ ಸುಲಭದ ಕ್ಯಾಚು ತಪ್ಪಿಸುತ್ತಿದ್ದರೆ, ಬೈಯುವ ಮೊದಲು ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ನೋಡಿ ತಿದ್ದಿಕೊಳ್ಳುವುದರ ಬೆಲೆ ತಿಳಿದವರು ಒಬ್ಬರೇ ಆಡಿಯೂ ಕಲಿಯುತ್ತಾರೆ. ಆಸ್ಟ್ರೇಲಿಯಾದ ಬೌರಲ್ ಎಂಬ ಊರಿನಲ್ಲಿ ಬೆಳೆದ ಒಬ್ಬ ಹುಡುಗ ಮನೆಯ ನೀರಿನ ಟ್ಯಾಂಕಿನ ಕೆಳಗಿದ್ದ ದುಂಡನೆಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆಯುತ್ತಿದ್ದ. ಅದು ಯಾವ ಕಡೆಗೋ ಚಿಮ್ಮಿ ಬಂದಾಗ ಬ್ಯಾಟಿನ ಬದಲು ಸ್ಟಂಪಿನಿಂದ ಹೊಡೆಯುತ್ತಿದ್ದ. ಹೊಡೆದದ್ದೂ ತಪ್ಪಿದ್ದೂ ಆ ಕ್ಷಣವೇ ಕಣ್ಣಿಗೆ ಕಾಣುತ್ತಿತ್ತು. ಬೈಯಲು ನನ್ನಂಥ ಮೇಷ್ಟ್ರು ಅಲ್ಲಿರಲಿಲ್ಲ. ಟೆಸ್ಟ್ ಕ್ರಿಕೆಟ್ಟಿನಲ್ಲಿ 99.94 ಸರಾಸರಿ ಗಳಿಸಿದ ಡಾನ್ ಬ್ರಾಡ್ಮನ್ ಆ ಹುಡುಗ.

ಕಣ್ಣೇ ಕಾಣದಿದ್ದರೆ? ಆಗ ಕಿವಿ ಆ ಕೆಲಸ ವಹಿಸಿಕೊಳ್ಳುತ್ತದೆ. ಅಂಧರ ಕ್ರಿಕೆಟ್ಟಿನಲ್ಲಿ ಪ್ಲಾಸ್ಟಿಕ್ ಚೆಂಡಿನೊಳಗೆ ಗುಂಡುಗಳಿರುತ್ತವೆ, ಉರುಳಿದರೆ ಗಲಗಲ ಸದ್ದು. ಕೈ ಕೆಳಗಿನಿಂದಲೇ ಎಸೆಯುತ್ತಾರೆ. ಬೌಲರ್ ‘ರೆಡಿ?’ ಎಂದು ಕೇಳಿ, ಉತ್ತರ ಬಂದ ಮೇಲೆ ‘ಪ್ಲೇ’ ಎಂದು ಕೂಗಿ ಚೆಂಡು ಬಿಡಬೇಕು. ಹನ್ನೊಂದು ಆಟಗಾರರಲ್ಲಿ ನಾಲ್ವರಾದರೂ ಪೂರ್ತಿ ದೃಷ್ಟಿ ಇಲ್ಲದವರು. 2012ರಲ್ಲಿ ನಮ್ಮ ಬೆಂಗಳೂರಿನಲ್ಲೇ ಅಂಧರ ಮೊದಲ ಟಿ-20 ವಿಶ್ವಕಪ್ ನಡೆದು ಭಾರತ ಗೆದ್ದಿತು. ತಂಡದ ನಾಯಕ ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಯಿತು ಎಂಬ ಸುದ್ದಿ ಬೇಗ ಸಿಕ್ಕರೆ ಮೈ ಕಲಿಯುತ್ತದೆ. ಆ ಸುದ್ದಿ ಕಣ್ಣಿಂದಲೇ ಬರಬೇಕೆಂದಿಲ್ಲ.

ಮನೆಯಲ್ಲಿ ಮಕ್ಕಳನ್ನು ಆಡಿಸುವ ಹಿರಿಯರಿಗೆ ಒಂದೇ ಒಂದು ಸಲಹೆ. ‘ಚೆಂಡು ನೋಡು’ ಎಂದು ಕೂಗುವ ಬದಲು ಎರಡು ಪ್ರಶ್ನೆ ಕೇಳಿ. ಎಸೆಯುವ ಮೊದಲು, ‘ಎಲ್ಲಿ ಬೀಳುತ್ತೆ ಹೇಳು?’ ಹೊಡೆದ ಮೇಲೆ, ‘ಎಲ್ಲಿ ಹೋಯ್ತು ಹೇಳು?’ ಉತ್ತರವನ್ನು ನೀವೇ ಹೇಳಿಬಿಡಬೇಡಿ. ಪ್ರತಿ ಸಲವೂ ಹೊರಗಿನವರು ತಿದ್ದುತ್ತಿದ್ದರೆ ಮಗು ನಿಮ್ಮ ಬಾಯಿಯನ್ನೇ ನೋಡುವುದು ಕಲಿಯುತ್ತದೆ, ತನ್ನ ಕಣ್ಣನ್ನು ನಂಬುವುದು ಕಲಿಯುವುದಿಲ್ಲ.

ಪುಟ್ಟಿಯ ಜೊತೆ ಈ ವಾರ ದಿನಾ ಸಂಜೆ ಅರ್ಧ ಗಂಟೆ ಇದೇ ಆಟ. ನಾನು ರಬ್ಬರ್ ಚೆಂಡು ನಿಧಾನಕ್ಕೆ ಹಾಕುವುದು, ಬಿಟ್ಟ ಕೂಡಲೇ ಅವಳು “ದೂರ!” “ಹತ್ರ!” ಎಂದು ಕೂಗುವುದು. ಮೊದಲ ದಿನ ಚೆಂಡು ಬಿದ್ದ ಮೇಲೆ ಕೂಗುತ್ತಿದ್ದಳು. ಗುರುವಾರದ ಹೊತ್ತಿಗೆ ಬೀಳುವ ಮೊದಲೇ ಕೂಗು ಬರುತ್ತಿತ್ತು. ಶನಿವಾರ ಅವಳು ಹೊಡೆದ ಚೆಂಡು ಪಕ್ಕದ ಮನೆಯ ಕಾಂಪೌಂಡಿಗೆ ಹೋಯಿತು. ತರಲು ಹೋದವನು ನಾನು, ಬೈಸಿಕೊಂಡವನೂ ನಾನೇ.

ಅದೇ ಸಂಜೆ ಆ ಎಡಗೈ ಹುಡುಗನಿಗೆ ಫೋನ್ ಮಾಡಿದೆ. ಈಗ ಹುಡುಗನಲ್ಲ, ಅರ್ಧ ತಲೆ ನರೆತ ಗೃಹಸ್ಥ. “ನಾನು ಅವತ್ತು ಹೇಳಿದ್ದು ತಪ್ಪಪ್ಪ, ನೀನು ನೋಡ್ತಿದ್ದದ್ದೇ ಸರಿ ಇತ್ತು ಅನ್ಸುತ್ತೆ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಅಯ್ಯೋ ಬಿಡಿ ಸಾರ್, ಅದೆಷ್ಟು ಹಳೇ ಕಥೆ” ಎಂದ. ಆಮೇಲೆ ಮೆಲ್ಲಗೆ, “ಆದ್ರೆ ಸಾರ್, ನನ್ ಮಗನೂ ಈಗ ಆಡ್ತಾನೆ. ಅವನೂ ನೆಲ ನೋಡ್ತಾನೆ. ನೀವು ನಂಗೆ ಬೈತಿದ್ರಲ್ಲ, ಹಾಗೇ ನಾನೂ ಅವನಿಗೆ ಬೈತಾ ಇದ್ದೆ. ನಿನ್ನೆನೂ ಬೈದೆ” ಎಂದ.

“ಇವತ್ತು ಹೋಗಿ ಏನು ಹೇಳ್ತೀಯ?”

“ಏನೂ ಹೇಳಲ್ಲ ಸಾರ್. ಎಲ್ಲಿ ಬೀಳುತ್ತೆ ಅಂತ ಕೇಳ್ತೀನಿ.”

ಫೋನ್ ಇಟ್ಟೆ. ಅಂಗಳದಲ್ಲಿ ಪುಟ್ಟಿ ಬ್ಯಾಟು ಒರೆಸುತ್ತಿದ್ದಳು.